ಕೋಡ್ ಬರೆಯದವರೂ ತಪ್ಪು ಹಿಡಿಯುವ ಭಾಷೆ

[ಸ್ಕ್ರೀನ್: 40 ಸಾಲಿನ ಕೋಡ್. ಕರ್ಸರ್ ಮಿನುಗುತ್ತಿದೆ.]

ಒಂದು ಗ್ರಂಥಾಲಯಕ್ಕೆ ಸಾಫ್ಟ್‌ವೇರ್ ಮಾಡ್ತಿದ್ದೀವಿ ಅಂದುಕೊಳ್ಳಿ. ಪುಸ್ತಕ ತಡವಾಗಿ ವಾಪಸ್ ಬಂದರೆ ದಂಡ ಎಷ್ಟು ಅನ್ನೋ ಲೆಕ್ಕ ಈ 40 ಸಾಲಿನಲ್ಲಿದೆ. ಆ ನಿಯಮಗಳನ್ನ ಅರೆದು ಕುಡಿದಿರೋ ಗ್ರಂಥಪಾಲಕಿ ಪಕ್ಕದಲ್ಲೇ ಕೂತಿದ್ದಾರೆ. "ಸರಿ ಇದೆಯಾ ಮೇಡಂ?" ಅಂತ ಕೇಳಿದ್ರೆ ಏನಂತಾರೆ? ಒಂದು ಸಲ ನೋಡಿ, "ನೀವು ಮಾಡಿದ್ದೀರಲ್ಲ, ಸರಿಯಾಗೇ ಇರುತ್ತೆ ಬಿಡಿ" ಅಂತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಭಯ ಆಗುತ್ತೆ. ವಿಷಯ ಗೊತ್ತಿರೋರಿಗೆ ಕೋಡ್ ಓದೋಕಾಗಲ್ಲ. ಕೋಡ್ ಬರೆಯೋರಿಗೆ ವಿಷಯ ಪೂರ್ತಿ ಗೊತ್ತಿಲ್ಲ. ನಡುವೆ ಇರೋದು ಬರೀ ನಂಬಿಕೆ.

[ಸ್ಕ್ರೀನ್: ಕೋಡ್ ಅಳಿಸಿಹೋಗಿ ನಾಲ್ಕು ಸಾಲು ಮೂಡುತ್ತವೆ.]

ಸದಸ್ಯತ್ವ: ವಿದ್ಯಾರ್ಥಿ
ಎರವಲು ಅವಧಿ: 14 ದಿನ
ಗಡುವು ಮೀರಿದರೆ: ದಿನಕ್ಕೆ 1 ಪಾಯಿಂಟ್ ದಂಡ
ಗರಿಷ್ಠ ದಂಡ: 30 ಪಾಯಿಂಟ್

ಇದೂ ಪ್ರೋಗ್ರಾಮೇ. ಇದನ್ನ ಓದಿ ನಡೆಸೋ ಹಾಗೆ ಒಂದು ಸಣ್ಣ ಭಾಷೆ ಕಟ್ಟಿಕೊಂಡಿದ್ದೀವಿ, ಅಷ್ಟೇ. ಈಗ ಅದೇ ಗ್ರಂಥಪಾಲಕಿ ಓದ್ತಾರೆ. ಮೂರನೇ ಸಾಲಿನ ಮೇಲೆ ಬೆರಳಿಡ್ತಾರೆ. "ಹದಿನಾಲ್ಕನೇ ದಿನ ರಜೆ ಬಿದ್ರೆ? ಅವತ್ತು ನಾವು ಬಾಗಿಲೇ ತೆಗೆಯಲ್ಲ. ಅವರು ಪುಸ್ತಕ ತಂದು ಯಾರ ಕೈಗೆ ಕೊಡ್ತಾರೆ?"

ರಜೆಯ ವಿಚಾರ ಪ್ರೋಗ್ರಾಮರ್‌ಗೆ ಹೊಳೆದೇ ಇರಲಿಲ್ಲ. ಆ 40 ಸಾಲಿನಲ್ಲೂ ಅದು ಇರಲಿಲ್ಲ. ಇದ್ದ ತಪ್ಪನ್ನ ಟೆಸ್ಟ್ ಮಾಡಿ ಹಿಡೀಬಹುದು. ಇಲ್ಲದೇ ಇರೋದನ್ನ ಹಿಡಿಯೋಕೆ ವಿಷಯ ಬಲ್ಲವರ ಕಣ್ಣೇ ಬೇಕು.

ಹೀಗೆ ಒಂದೇ ಕ್ಷೇತ್ರಕ್ಕೆ ಅಂತ ಕಟ್ಟಿದ ಪುಟ್ಟ ಭಾಷೆಗೆ ಡೊಮೈನ್ ಸ್ಪೆಸಿಫಿಕ್ ಲ್ಯಾಂಗ್ವೇಜ್ ಅಂತಾರೆ, ಚಿಕ್ಕದಾಗಿ ಡಿಎಸ್ಎಲ್. ಪೈಥಾನ್, ಜಾವಾದಲ್ಲಿ ಏನು ಬೇಕಾದ್ರೂ ಬರೀಬಹುದು. ಡಿಎಸ್ಎಲ್‌ನಲ್ಲಿ ಆಗಲ್ಲ. ನಮ್ಮ ಈ ಭಾಷೆಗೆ ಸದಸ್ಯ, ಗಡುವು, ದಂಡ ಬಿಟ್ಟು ಬೇರೇನೂ ಗೊತ್ತಿಲ್ಲ. ಹಾಗಾಗಿ ಓದೋರು ದಾರಿ ತಪ್ಪೋಕೆ ಜಾಗವೂ ಕಮ್ಮಿ.

[ಸ್ಕ್ರೀನ್: 1959, 1974, 1979.]

ವಿಷಯ ಬಲ್ಲವರೂ ಓದೋ ಹಾಗೆ ಕೋಡ್ ಇರಲಿ ಅನ್ನೋ ಆಸೆ ಹಳೇದು. 1959ರಲ್ಲಿ ಕೋಬಾಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ವಿನ್ಯಾಸ ಶುರುವಾದಾಗ, ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ಫ್ಲೋ-ಮ್ಯಾಟಿಕ್ ಭಾಷೆಯ ದಾರಿಯಲ್ಲೇ ಇಂಗ್ಲಿಷ್ ವಾಕ್ಯಗಳಂಥ ಕೋಡ್ ಬಂತು. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್, ಡೇಟಾಬೇಸ್‌ನಿಂದ ಮಾಹಿತಿ ಕೇಳಿ ಪಡೆಯೋ ಇವತ್ತಿನ ಎಸ್‌ಕ್ಯೂಎಲ್‌ಗೆ ಮೂಲವಾದ ಸೀಕ್ವೆಲ್ ಭಾಷೆಯನ್ನ ಮುಂದಿಟ್ಟಾಗ, ಅಕೌಂಟೆಂಟ್‌ಗಳು, ಎಂಜಿನಿಯರ್‌ಗಳಂಥವರೂ ಬಳಸಲಿ ಅನ್ನೋದು ಅವರ ಉದ್ದೇಶವಾಗಿತ್ತು. ಎರಡೂ ಭಾಷೆ ಗೆದ್ದವು, ಆದ್ರೆ ಬಹುಪಾಲು ತಂತ್ರಜ್ಞರ ಕೈಯಲ್ಲೇ ಉಳಿದವು.

1979ರ ವಿಸಿಕ್ಯಾಲ್ಕ್ ಕಥೆ ಬೇರೆ. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಮಾಡಿದ ಈ ಸ್ಪ್ರೆಡ್‌ಶೀಟ್ ವಾಕ್ಯದ ಗೊಡವೆಗೇ ಹೋಗಲಿಲ್ಲ. ಲೆಕ್ಕ ಬರೆಯೋರು ಆಗಲೇ ಬಳಸ್ತಿದ್ದ ಗೆರೆ ಹಾಕಿದ ಹಾಳೆಯನ್ನೇ ಸ್ಕ್ರೀನ್ ಮೇಲೆ ತಂದಿತು. ಒಂದು ಅಂಕಿ ಬದಲಿಸಿದ್ರೆ ಮೊತ್ತ ಕಣ್ಣೆದುರೇ ಬದಲಾಯ್ತು. ಪದ ಸುಲಭ ಇದ್ದರೆ ಸಾಲದು, ಬರೆದ ತಕ್ಷಣ ಉತ್ತರ ಕಾಣಬೇಕು. ನನ್ನ ಲೆಕ್ಕದಲ್ಲಿ ಡಿಎಸ್ಎಲ್ ಮಾಡೋರು ಮೊದಲು ಕಲಿಯಬೇಕಾದ್ದು ಇದನ್ನೇ.

ಈಗ ನನಗೆ ತುಂಬ ಹತ್ತಿರದ ಒಂದು ಉದಾಹರಣೆ. ಕುಕುಂಬರ್ ಅನ್ನೋ ಟೆಸ್ಟಿಂಗ್ ಟೂಲ್ ಇದೆ, ಅದರ ಭಾಷೆಯ ಹೆಸರು ಗರ್ಕಿನ್. ಸಾಫ್ಟ್‌ವೇರ್ ಹೇಗೆ ನಡೀಬೇಕು ಅನ್ನೋದನ್ನ ಸಾದಾ ವಾಕ್ಯದಲ್ಲಿ ಬರೀತೀವಿ, ಪ್ರತಿ ವಾಕ್ಯದ ಹಿಂದೆ ಪ್ರೋಗ್ರಾಮರ್ ಕೋಡ್ ಜೋಡಿಸ್ತಾರೆ. ಇದರಲ್ಲಿ ಕನ್ನಡವೂ ಇದೆ!

[ಸ್ಕ್ರೀನ್:]

ನೀಡಿದ ಪುಸ್ತಕದ ಗಡುವು ಭಾನುವಾರ ಇದೆ
ಸ್ಥಿತಿಯನ್ನು ಸದಸ್ಯರು ಸೋಮವಾರ ಪುಸ್ತಕ ಹಿಂತಿರುಗಿಸುತ್ತಾರೆ
ನಂತರ ದಂಡ ಸೊನ್ನೆ ಆಗಿರಬೇಕು

ಪ್ರತಿ ಸಾಲಿನ ಮೊದಲ ಪದ ಗರ್ಕಿನ್ ಗೊತ್ತುಮಾಡಿದ್ದು: ಇಂಗ್ಲಿಷ್‌ನ ಗಿವನ್, ವೆನ್, ದೆನ್‌ಗೆ ಕನ್ನಡ. ಮೊದಲ ಸಲ ನೋಡಿದಾಗ ತುಂಬ ಖುಷಿಯಾಯ್ತು. ಜೋರಾಗಿ ಓದಿದಾಗ ನಾಲಿಗೆ ತಡವರಿಸಿತು. "ನಂತರ" ಸಲೀಸು. ಆದ್ರೆ "ಸ್ಥಿತಿಯನ್ನು ಸದಸ್ಯರು" ಅಂತ ಯಾರು ಮಾತಾಡ್ತಾರೆ? ಇಂಗ್ಲಿಷ್‌ನಲ್ಲಿ ಷರತ್ತಿನ ಪದ ವಾಕ್ಯದ ತಲೆಯಲ್ಲಿ ಕೂರುತ್ತೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲಕ್ಕೆ ಅಂಟುತ್ತೆ: ಇದ್ದರೆ, ತಂದರೆ, ಮೀರಿದರೆ. ಪದಗಳನ್ನ ಮಾತ್ರ ಕನ್ನಡ ಮಾಡಿದ್ದಾರೆ, ವಾಕ್ಯದ ಮೂಳೆ ಇಂಗ್ಲಿಷಿನದೇ. ನಾವೇ ಕಟ್ಟಿದ್ರೆ ಹೀಗಿರುತ್ತೆ: "ಗಡುವು ಭಾನುವಾರ ಇದ್ದು, ಸದಸ್ಯರು ಸೋಮವಾರ ಪುಸ್ತಕ ತಂದರೆ, ದಂಡ ಸೊನ್ನೆ."

ಈ ತೊಡಕು ಕನ್ನಡದ್ದು ಮಾತ್ರ ಅಲ್ಲ. ವೈದ್ಯರಿಗೆ, ವಕೀಲರಿಗೆ ಅವರವರದೇ ಮಾತಿನ ಕಟ್ಟು ಇರುತ್ತೆ. ಕಾನೂನನ್ನೇ ನೋಡಿ: ಮೊದಲು ಸಾಮಾನ್ಯ ನಿಯಮ, ಎಷ್ಟೋ ಪುಟ ದಾಟಿದ ಮೇಲೆ ವಿನಾಯಿತಿ, ಆ ವಿನಾಯಿತಿಗೆ ಇನ್ನೊಂದು ವಿನಾಯಿತಿ. ಇದನ್ನ "ಹೀಗಿದ್ದರೆ ಇದು, ಇಲ್ಲದಿದ್ದರೆ ಅದು" ಅನ್ನೋ ಇಫ್-ಎಲ್ಸ್ ಸರಪಳಿಗೆ ತುರುಕಿದ್ರೆ ಯಾವ ಕಲಮು ಎಲ್ಲಿಗೆ ಹೋಯ್ತು ಅಂತ ವಕೀಲರಿಗೆ ಗೊತ್ತೇ ಆಗಲ್ಲ. ಫ್ರಾನ್ಸ್‌ನ ಸಂಶೋಧನಾ ಸಂಸ್ಥೆ ಇನ್ರಿಯಾದಲ್ಲಿ ರೂಪುಗೊಂಡ ಕಟಾಲಾ ಅನ್ನೋ ಭಾಷೆ ಆ ಕಟ್ಟನ್ನ ಹಾಗೇ ಉಳಿಸಿಕೊಳ್ಳುತ್ತೆ. ಕಾನೂನಿನ ಒಂದೊಂದು ಕಲಮಿನ ಕೆಳಗೇ ಅದರ ಕೋಡ್, ನಿಯಮ ಒಂದು ಕಡೆ, ವಿನಾಯಿತಿ ಅದರ ಜಾಗದಲ್ಲಿ. ವಕೀಲರು, ಪ್ರೋಗ್ರಾಮರ್‌ಗಳು ಜೊತೆಗೆ ಕೂತು ಬರೀತಾರೆ. ಅಲ್ಲಿನ ಕುಟುಂಬ ಭತ್ಯೆಯ ನಿಯಮಗಳನ್ನ ಹೀಗೆ ಬರೆದಾಗ, ಸರ್ಕಾರದ ಅಧಿಕೃತ ಲೆಕ್ಕದಲ್ಲೇ ಒಂದು ತಪ್ಪು ಸಿಕ್ಕಿತು ಅಂತ 2021ರಲ್ಲಿ ಪ್ರಕಟಿಸಿದ್ರು.

ಒಂದು ಎಚ್ಚರಿಕೆ ಹೇಳಲೇಬೇಕು. "ಇನ್ಮೇಲೆ ಪ್ರೋಗ್ರಾಮರ್ ಬೇಡ, ಎಲ್ಲರೂ ತಾವೇ ಬರ್ಕೋತಾರೆ" ಅಂತ ಯಾರಾದ್ರೂ ಡಿಎಸ್ಎಲ್ ಮಾರೋಕೆ ಬಂದ್ರೆ ನಂಬಬೇಡಿ. ಓದೋದು ಬೇರೆ, ಬರೆಯೋದು ಬೇರೆ. ಓದಿ "ಇದು ತಪ್ಪು" ಅನ್ನೋಕೆ ವಿಷಯ ಗೊತ್ತಿದ್ರೆ ಸಾಕು. ಬರೆಯೋಕೆ ಒಂದೂ ಸಂದರ್ಭ ಬಿಡದ ಹಾಗೆ ಯೋಚಿಸೋ ಅಭ್ಯಾಸ ಬೇಕು. ಓದೋದೊಂದು ಸಾಧ್ಯವಾದ್ರೂ ಭಾಷೆ ಕಟ್ಟಿದ ಶ್ರಮ ಸಾರ್ಥಕ ಅಂತ ನಾನು ನಂಬ್ತೀನಿ.

ಬರೆಯೋದನ್ನೂ ಅವರಿಗೇ ಕೊಡೋದಾದ್ರೆ ಎರರ್ ಮೆಸೇಜ್ ಮೇಲೆ ಬೆವರು ಸುರಿಸಿ. "ಸಾಲು 3: ಅನಿರೀಕ್ಷಿತ ಟೋಕನ್" ಅಂತ ಬಂದ್ರೆ ಅವರು ಅಲ್ಲಿಗೇ ಕೈ ಬಿಡ್ತಾರೆ. "ಗಡುವಿನ ಮುಂದೆ ಎಷ್ಟು ದಿನ ಅಂತ ಬರೆದಿಲ್ಲ" ಅಂದ್ರೆ ತಾವೇ ತಿದ್ದಿಕೊಳ್ತಾರೆ.

[ಸ್ಕ್ರೀನ್: ಮತ್ತೆ ಗ್ರಂಥಾಲಯದ ನಾಲ್ಕು ಸಾಲು. ಐದನೆಯದು ಟೈಪ್ ಆಗುತ್ತಿದೆ.]

ಗಡುವು ರಜೆಯಂದು ಬಿದ್ದರೆ: ಮುಂದಿನ ಕೆಲಸದ ದಿನ

ಇದನ್ನ ಸೇರಿಸಿದ್ದು ಗ್ರಂಥಪಾಲಕಿಯೇ. ಭಾಷೆ ಒಪ್ಪಲಿಲ್ಲ, ಅದಕ್ಕೆ "ರಜೆ" ಅನ್ನೋ ಪದವೇ ಗೊತ್ತಿಲ್ಲ. ಅವರು ಪಕ್ಕಕ್ಕೆ ತಿರುಗ್ತಾರೆ. ಪ್ರೋಗ್ರಾಮರ್ ಕುರ್ಚಿ ಹತ್ತಿರಕ್ಕೆ ಎಳ್ಕೊಂಡು ಕೇಳ್ತಾನೆ: "ಮೇಡಂ, ನಿಮ್ಮಲ್ಲಿ ರಜೆ ಅಂದ್ರೆ ಯಾವ್ಯಾವ ದಿನ?"