ಕಣ್ಣಿಗೆ ಕಾಣುವ ಬಲೆ ಹಳೆಯ ಬಲೆ

ಕೇಳುಗರಿಗೆ ನಮಸ್ಕಾರ. ಹಬ್ಬ ಬಂತೆಂದು ಉದ್ದ ಕೋಲಿಗೆ ಕಸಬರಿಗೆ ಕಟ್ಟಿಕೊಂಡು ಜೇಡನ ಬಲೆ ತೆಗೆಯಲು ಹೊರಟವರಿಗೆ ಈ ಮಾತು. ಅಟ್ಟದ ಮೂಲೆಯಲ್ಲಿ ಕಪ್ಪಗೆ ಜೋಲುತ್ತಿರುವ ಆ ಬಲೆಯಲ್ಲಿ ಜೇಡವಿಲ್ಲ. ಕಣ್ಣಿಗೆ ಕಾಣುವ ಬಲೆ ಹಳೆಯ ಬಲೆ, ಜೇಡ ಬಿಟ್ಟುಹೋದ ಬಲೆ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಜೇಡ ನೂಲು ತೆಗೆಯುವುದು ಬಾಯಿಂದಲ್ಲ, ಹೊಟ್ಟೆಯ ತುದಿಯಿಂದ. ಒಳಗಿನ ಗ್ರಂಥಿಗಳಲ್ಲಿ ಪ್ರೋಟೀನು ದ್ರವವಾಗಿರುತ್ತದೆ. ಎಳೆದಾಗ ಅದು ಗಟ್ಟಿ ದಾರವಾಗುತ್ತದೆ. ಅಂಟುವ ದಾರ, ಅಂಟದ ದಾರ, ಮೊಟ್ಟೆ ಸುತ್ತುವ ದಾರ ಎಲ್ಲ ಬೇರೆ ಬೇರೆ.

ಶಿರಸಿ ಸಮೀಪದ ಒಂದು ತೋಟದ ಮನೆಯಲ್ಲಿ ಉಳಿದಿದ್ದೆ. ರಾತ್ರಿ ಕೊಟ್ಟಿಗೆಗೆ ಹೋಗುವಾಗ ಮುಖಕ್ಕೆ ಬಲೆ ಅಂಟುತ್ತದೆ, ಬೆಳಿಗ್ಗೆ ಗುಡಿಸೋಣವೆಂದರೆ ಅಲ್ಲಿ ಏನೂ ಇರುವುದಿಲ್ಲ ಎಂದು ಆ ಮನೆಯ ಅಮ್ಮ ಹೇಳಿದರು. ಮುಸ್ಸಂಜೆಗೆ ಬ್ಯಾಟರಿ ಹಿಡಿದು ಜಗಲಿಯಲ್ಲಿ ಕುಳಿತೆವು. ಮಾಡಿನ ಅಂಚಿನಲ್ಲಿ ಕಂದು ಬಣ್ಣದ ಪುಟ್ಟ ಜೇಡ ಹೊಟ್ಟೆಯನ್ನು ಮೇಲೆತ್ತಿ ಒಂದು ಎಳೆಯನ್ನು ಗಾಳಿಗೆ ಬಿಟ್ಟಿತು. ಅದು ತೇಲುತ್ತಾ ಹೋಗಿ ಎದುರಿನ ದಾಸವಾಳದ ಗಿಡಕ್ಕೆ ತಗುಲಿತು. ಎಳೆಯನ್ನು ಬಿಗಿ ಮಾಡಿ, ಅದರ ಮೇಲೆಯೇ ನಡೆದು, ನಡುವಿನಿಂದ ಕೆಳಗಿಳಿದು ಇನ್ನೊಂದು ಎಳೆ ಕಟ್ಟಿತು. ಬಳಿಕ ನಡುವಿನಿಂದ ಸುತ್ತಲೂ ಚಕ್ರದ ಕಡ್ಡಿಗಳಂತೆ ದಾರ ಎಳೆಯಿತು. ಆಮೇಲೆ ಒಳಗಿನಿಂದ ಹೊರಗೆ ಅಂಟಿಲ್ಲದ ಒಂದು ಸುರುಳಿ. ಅಮ್ಮ ‘ಮುಗಿಯಿತು’ ಎಂದರು. ಮುಗಿದಿರಲಿಲ್ಲ! ಈಗ ಹೊರಗಿನಿಂದ ಒಳಗೆ ತಿರುಗುತ್ತಾ ಅಂಟಿನ ದಾರ ಹಾಕತೊಡಗಿತು. ಹಿಂಗಾಲಿನಿಂದ ದಾರವನ್ನು ಸೆಳೆದು ಒಂದೊಂದು ಎಳೆಗೂ ತಾಗಿಸಿ, ಮೊದಲು ಹಾಕಿದ್ದ ಸುರುಳಿಯನ್ನು ತಾನೇ ಕತ್ತರಿಸುತ್ತಾ ಬಂತು. ಒಂದು ಗಂಟೆಯೊಳಗೆ ಇಷ್ಟೆಲ್ಲ ಆಗಿತ್ತು. ಬೆಳಗಿನ ಜಾವ ಎದ್ದು ನೋಡಿದಾಗ ಅದೇ ಜೇಡ ಬಲೆಯನ್ನು ಮುದುಡಿಕೊಂಡು ತಿನ್ನುತ್ತಿತ್ತು. ತಿಂದ ದಾರದ ಪ್ರೋಟೀನು ಹೊಸ ದಾರಕ್ಕೆ ಬರುತ್ತದೆ. ಅಷ್ಟು ಅಚ್ಚುಕಟ್ಟಿನ ಪ್ರಾಣಿಯನ್ನು ನಾವು ಕೊಳಕು ಎನ್ನುತ್ತೇವೆ!

ಸಮಯ ಮುಗಿಯುತ್ತಾ ಬಂದಿದೆ, ಮನೆಯೊಳಗಿನ ಜೇಡದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೂಲೆಯಲ್ಲಿ ತಲೆಕೆಳಗಾಗಿ ತೂಗುವ ಉದ್ದಕಾಲಿನ ಜೇಡ ನಿಮಗೆಲ್ಲ ಗೊತ್ತು. ಮುಟ್ಟಲು ಹೋದರೆ ಗಡಗಡ ನಡುಗುತ್ತದೆ. ಅದು ಚಕ್ರ ಕಟ್ಟುವುದಿಲ್ಲ, ಗೋಜಲು ಗೋಜಲಾಗಿ ದಾರ ಹರಡುತ್ತದೆ. ಹಳೆಯದನ್ನು ತೆಗೆಯುವುದೂ ಇಲ್ಲ, ಬೇಟೆ ಸಿಗದಿದ್ದರೆ ಜಾಗ ಬದಲಿಸುತ್ತದೆ. ಬಿಟ್ಟುಹೋದ ದಾರಕ್ಕೆ ಧೂಳು ಹಿಡಿಯುತ್ತದೆ, ಬಚ್ಚಲ ಒಲೆಯ ಹೊಗೆ ಹತ್ತುತ್ತದೆ, ಅದೇ ಇಲ್ಲಣವಾಗಿ ಜೋಲುತ್ತದೆ. ಹೊಸ ಬಲೆ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಂಡೀತು. ಮತ್ತೆ ಹೇಳುತ್ತೇನೆ, ಕಣ್ಣಿಗೆ ಕಾಣುವ ಬಲೆ ಹಳೆಯ ಬಲೆ.

ಹಾಗಾದರೆ ಜೇಡ ನಿಮ್ಮ ಮನೆಗೇ ಏಕೆ ಬಂತು? ಸೊಳ್ಳೆ, ನೊಣ, ಮಳೆಗಾಲದ ದೀಪದ ಹುಳು ಬಂದದ್ದರಿಂದ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಯಾವ ಮನೆಯನ್ನಾದರೂ ನೋಡಿ, ಬಲೆ ಹೆಚ್ಚಾಗಿ ಇರುವುದು ಬಲ್ಬಿನ ಹತ್ತಿರ. ದಯವಿಟ್ಟು ಮೂಲೆ ಮೂಲೆಗೆ ಕೀಟನಾಶಕ ಹೊಡೆಯಬೇಡಿ. ಸೊಳ್ಳೆ ಹೊರಗಿನಿಂದ ಮತ್ತೆ ಬರುತ್ತದೆ, ಅದನ್ನು ಹಿಡಿಯುವ ಜೇಡ ಸತ್ತಿರುತ್ತದೆ. ಕಪ್ಪು ಬಲೆಯನ್ನು ಒಣ ಕಸಬರಿಗೆಯಿಂದ ತೆಗೆಯಿರಿ, ಹೊರಗಿನ ದೀಪವನ್ನು ಬಾಗಿಲಿನಿಂದ ದೂರ ಹಾಕಿ. ಉದ್ದಕಾಲಿನ ಜೇಡ ಬಾಯಲ್ಲಿ ಸಣ್ಣ ಉಂಡೆ ಕಚ್ಚಿಕೊಂಡಿದ್ದರೆ ಅದು ಮೊಟ್ಟೆಗಳ ಗಂಟು, ತಾಯಿ ಜೇಡ. ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಸೌದೆಯ ಕೊಟ್ಟಿಗೆಗೆ ಬಿಡಿ. ನಮಸ್ಕಾರ.