ಹಳೆಯ ಶೆವರ್ಲೆ ಪಿಕಪ್‌ನ ಸ್ಟೀರಿಂಗ್ ಕಾಲಂ ಬಿಚ್ಚುವ ಮುನ್ನ ಸುತ್ತಿಗೆ ದೂರ ಇಡಿ

[ದೃಶ್ಯ: ಮೂಡಿಗೆರೆ ಸಮೀಪದ ಕಾಫಿ ತೋಟದ ಶೆಡ್ಡು. ಹೊರಗೆ ಜಡಿಮಳೆ. ಮುಂದಿನ ಮಡ್‌ಗಾರ್ಡ್ ಕಳಚಿದ ಹಸಿರು ಪಿಕಪ್.]

ನಮಸ್ಕಾರ. ಹಿನ್ನೆಲೆಯ ಸದ್ದು ಮಳೆಯದು. ಆಷಾಢದಲ್ಲಿ ನಮ್ಮ ತಗಡಿನ ಶೆಡ್ಡಿನ ಕೆಳಗೆ ಇದಕ್ಕಿಂತ ಹೆಚ್ಚಿನ ಮೌನ ಸಿಗುವುದಿಲ್ಲ.

ಇದು ಶೆವರ್ಲೆ 3100, ಅರ್ಧ ಟನ್ನಿನ ಪಿಕಪ್. ಕಾಗದಪತ್ರಗಳಲ್ಲಿ ಇಸವಿ ಅಳಿಸಿಹೋಗಿದೆ. ಆದರೆ ಬಾಗಿಲೇ ಸಾಕ್ಷಿ ಹೇಳುತ್ತದೆ. ಗಾಳಿಗೆಂದು ತೆರೆಯುವ ಈ ತ್ರಿಕೋನ ಗಾಜು ಬಂದದ್ದು 1951ರ ಮಾದರಿಗೆ. ಹಿಡಿಕೆ ತಿರುಗಿಸುವಂಥದ್ದು, 1952ರಲ್ಲಿ ಗುಂಡಿ ಒತ್ತುವ ಹಿಡಿಕೆ ಬಂತು. ಹಾಗಾಗಿ ಇದು 1951ರ ಗಾಡಿ. ಆಗ ಜನರಲ್ ಮೋಟಾರ್ಸ್ ಮುಂಬೈಯಲ್ಲೇ ಶೆವರ್ಲೆಗಳನ್ನು ಜೋಡಿಸುತ್ತಿತ್ತು. 1928ರಲ್ಲಿ ಶುರುವಾದ ಆ ಕೆಲಸ 1954ರಲ್ಲಿ ನಿಂತಿತು. ಈ ತೋಟದಲ್ಲಿ ಗಾಡಿ ಕಾಫಿ ಮೂಟೆ ಹೊತ್ತಿತು, ವಯಸ್ಸಾದ ಮೇಲೆ ಸೌದೆ ಹೊತ್ತಿತು.

[ದೃಶ್ಯ: ಕೆಳಗಿನಿಂದ, ಚಾಸಿಗೆ ಕೂತ ಸ್ಟೀರಿಂಗ್ ಬಾಕ್ಸ್.]

ಮೊದಲೇ ತಿಳಿದಿರಬೇಕಾದ ವಿಷಯ ಒಂದಿದೆ. ಇಂದಿನ ಕಾರುಗಳಲ್ಲಿ ಕಾಲಂ, ಅಂದರೆ ಸ್ಟೀರಿಂಗ್ ಚಕ್ರ ಹೊತ್ತ ಕಂಬ, ಮತ್ತು ಮುಂಚಕ್ರಗಳನ್ನು ಹೊರಳಿಸುವ ಸ್ಟೀರಿಂಗ್ ಗೇರ್ ಬೇರೆ ಬೇರೆ; ನಡುವೆ ಜಾಯಿಂಟ್ ಇರುತ್ತದೆ. ಇಲ್ಲಿ ಹಾಗಿಲ್ಲ. ಸ್ಟೀರಿಂಗ್ ಚಕ್ರದ ನಟ್‌ನಿಂದ, ಆ ಗೇರುಗಳಿರುವ ಬಾಕ್ಸ್‌ನೊಳಗಿನ ವರ್ಮ್ ಗೇರಿನವರೆಗೆ (ಸ್ಕ್ರೂನಂಥ ಸುರುಳಿ ಹಲ್ಲಿನದು) ಒಂದೇ ಉಕ್ಕಿನ ಸರಳು. ಡಿಕ್ಕಿಯಾದರೆ ಅದು ಚಾಲಕನ ಎದೆಗೆ ಗುರಿಯಿಟ್ಟ ಈಟಿ. ಒತ್ತಡಕ್ಕೆ ಕುಗ್ಗುವ ಕಾಲಂ ಈ ಕಂಪನಿಯ ಕಾರುಗಳಿಗೆ ಬಂದದ್ದು 1967ರ ಮಾದರಿಗಳಲ್ಲಿ. ನಮಗೆ ಈಗ ಇದರ ಅರ್ಥ ಇಷ್ಟೇ: ಕಾಲಂ ಒಂದನ್ನೇ ಎಳೆದು ತೆಗೆಯಲಾಗದು, ಬಾಕ್ಸ್ ಸಮೇತ ಬರಬೇಕು.

ಬ್ಯಾಟರಿಯ ತಂತಿ ಬಿಡಿಸಿ, ಮುಂಚಕ್ರಗಳನ್ನು ನೇರ ಮಾಡಿಕೊಳ್ಳಿ. ನಮ್ಮ ಗಾಡಿಯಲ್ಲಿ ಹಾರ್ನ್ ಮುಚ್ಚಳವನ್ನು ಒತ್ತಿ ತಿರುಗಿಸಿದರೆ ಕೈಗೆ ಬಂತು. ಅಡಿಯಲ್ಲಿ ಸ್ಪ್ರಿಂಗ್ ಇದೆ, ಒಂದು ಕೈ ಅಡ್ಡ ಇಟ್ಟುಕೊಳ್ಳಿ. ನನ್ನದು ಹಾರಿ ಸೀಟಿನ ಕೆಳಗೆ ಸೇರಿತು. ಹುಡುಕಲು ಹತ್ತು ನಿಮಿಷ ಹಿಡಿಯಿತು.

[ದೃಶ್ಯ: ಹತ್ತಿರದಿಂದ, ಸ್ಟೀರಿಂಗ್ ಚಕ್ರದ ನಡುವಿನ ನಟ್.]

ನಟ್ ಬಿಚ್ಚುವ ಮೊದಲು ಸರಳಿನ ತುದಿಗೂ ಚಕ್ರದ ನಡುವಿನ ಗುಬ್ಬಕ್ಕೂ ಸೆಂಟರ್ ಪಂಚ್ ಎಂಬ ಚೂಪು ಮೊಳೆಯಂಥ ಸಾಧನದಿಂದ ಒಂದೊಂದು ಚುಕ್ಕೆ ಹೊಡೆಯಿರಿ, ಮತ್ತೆ ಜೋಡಿಸುವಾಗ ಹೊಂದಿಸಲು. ಬಣ್ಣದ ಗುರುತು ಡೀಸೆಲ್ ತಾಗಿದರೆ ಅಳಿಸಿಹೋಗುತ್ತದೆ. ನಟ್ಟನ್ನು ಪೂರ್ತಿ ತೆಗೆಯಬೇಡಿ. ಸಡಿಲಿಸಿ ಎರಡು ಸುತ್ತು ಉಳಿಸಿ. ಚಕ್ರ ಒಮ್ಮೆಲೇ ಬಿಟ್ಟುಕೊಂಡರೆ ಮುಖಕ್ಕೆ ಬಡಿಯುವ ಬದಲು ನಟ್‌ಗೆ ತಡೆಯುತ್ತದೆ.

ಎಪ್ಪತ್ತು ವರ್ಷ ಕೂತ ಚಕ್ರ ಸುಲಭಕ್ಕೆ ಬರುವುದಿಲ್ಲ. ಸರಳಿನ ತಲೆಗೆ ಸುತ್ತಿಗೆ ಎತ್ತುವ ಆಸೆ ಇಲ್ಲಿಯೇ ಹುಟ್ಟುವುದು. ಹಿಂದೊಮ್ಮೆ ಒಂದು ಜೀಪಿನಲ್ಲಿ ನಾನು ಎತ್ತಿದೆ. ಸರಳಿನ ತುದಿ ಅಣಬೆಯಂತೆ ಅರಳಿ ಥ್ರೆಡ್ ಹಾಳಾಯಿತು. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣಲಿಲ್ಲ: ಆ ಪೆಟ್ಟು ಸರಳಿನ ಉದ್ದಕ್ಕೂ ಇಳಿದು ಬಾಕ್ಸ್‌ನ ಬೇರಿಂಗ್‌ಗೆ ಹೋಗಿ ಕೂತಿತ್ತು. ಆದ್ದರಿಂದ ಪುಲ್ಲರ್ ಬಳಸಿ, ಸ್ಕ್ರೂ ಬಿಗಿದು ಎಳೆಯುವ ಸಾಧನ ಅದು. ಅದರ ಕಾಲು ಗುಬ್ಬವನ್ನು ಹಿಡಿಯಬೇಕು, ಚಕ್ರದ ಕಡ್ಡಿಗಳನ್ನಲ್ಲ. ಬಿಗಿ ಮಾಡಿ ಬಿಟ್ಟು ಹೋಗಿ.

“ಅಣ್ಣ, ಇನ್ನೊಂದು ಸುತ್ತು ಕೊಡಲೇ?” ಎಂದು ಕೇಳಿದೆ. ನಮ್ಮ ಮೇಸ್ತ್ರಿ, “ಕಾಫಿ ಕುಡಿದು ಬಾ, ಅದೇ ಬಿಡುತ್ತದೆ” ಎಂದರು. ಅರ್ಧ ಲೋಟ ಮುಗಿದಿರಲಿಲ್ಲ, ಒಳಗಿಂದ ‘ಟಣ್’ ಎಂಬ ಸದ್ದು ಬಂತು.

[ದೃಶ್ಯ: ಡ್ಯಾಶ್‌ಬೋರ್ಡಿನ ಅಡಿ.]

ಉಳಿದದ್ದು ಕೊಳಕು ಕೆಲಸ, ಕಷ್ಟದ್ದಲ್ಲ. ಡ್ಯಾಶ್‌ಬೋರ್ಡಿನ ಅಡಿಯ ಬ್ರಾಕೆಟ್, ಕಾಲಂ ಸುತ್ತಲಿನ ನೆಲದ ತಗಡು ಬಿಚ್ಚಿ. ಇದು ಕಾಲಂನಲ್ಲೇ ಗೇರ್ ಹಾಕುವ ಮೂರು ಗೇರಿನ ಗಾಡಿ. ಕೆಳತುದಿಯ ಎರಡು ಗೇರ್ ಕಡ್ಡಿಗಳನ್ನು ಬಿಡಿಸುವ ಮುನ್ನ ಫೋಟೋ ತೆಗೆದುಕೊಳ್ಳಿ, ಅದಲುಬದಲಾಗುವುದು ಇಲ್ಲಿಯೇ. ಬಾಕ್ಸ್‌ನಿಂದ ಮುಂಚಕ್ರಗಳ ಕಡೆಗೆ ಚಲನೆ ದಾಟಿಸುವ ತೋಳು ಪಿಟ್‌ಮನ್ ಆರ್ಮ್; ಅದಕ್ಕೂ ಚುಕ್ಕೆಯ ಗುರುತು, ಪುಲ್ಲರ್ ಎರಡೂ ಬೇಕು.

ಬಾಕ್ಸ್‌ನ ಮೇಲಿನ ಕ್ಲಾಂಪ್ ಸಡಿಲಿಸಿದರೆ ಹೊರಗಿನ ಕೊಳವೆ ಮೇಲಕ್ಕೆ ಜಾರಿ ಬರಬೇಕು. ನಮ್ಮದು ಒಂದು ಗೇಣು ಬಂದು ನಿಂತಿತು. ತುಕ್ಕು ಎಂದುಕೊಂಡು ಡೀಸೆಲ್ ಸುರಿದದ್ದೇ ಸುರಿದದ್ದು. ಟಾರ್ಚ್ ಹಾಕಿ ನೋಡಿದರೆ ಒಳಗೆ ಕಣಜದ ಮಣ್ಣುಗೂಡು! ಒಂದರ ಮೇಲೊಂದು, ಕಲ್ಲಿನಂತೆ ಗಟ್ಟಿಯಾಗಿ. ಸೈಕಲ್ಲಿನ ಕಡ್ಡಿಯಿಂದ ಕೆರೆದು, ಒಂದು ಬೊಗಸೆ ಕೆಂಪು ಪುಡಿ ಉದುರಿಸಿದ ಮೇಲೆ ಕೊಳವೆ ಸರಾಗವಾಗಿ ಬಂತು.

ಈಗ ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳು. ಕೊನೆಯದನ್ನು ಬಿಚ್ಚುವಾಗ ಕೆಳಗೊಬ್ಬರು ಬಾಕ್ಸ್ ಹಿಡಿದಿರಲಿ, ಭಾರವಿದೆ. ಮಡ್‌ಗಾರ್ಡ್ ಇಲ್ಲದ್ದರಿಂದ ನಾವು ಸರಳನ್ನು ಓರೆಮಾಡಿ ಮುಂದಿನಿಂದ ಹೊರತೆಗೆದೆವು.

[ದೃಶ್ಯ: ಗೋಣಿಚೀಲದ ಮೇಲೆ ಬಾಕ್ಸ್, ಸರಳು. ಕೈ ಸರಳನ್ನು ತಿರುಗಿಸುತ್ತದೆ.]

ನೋಡಿ, ಎಡಬಲ ತುದಿಗಳಲ್ಲಿ ಬಿಗಿ ಇದೆ. ನಡುವೆ ಬಂದಾಗ ಮಾತ್ರ ಸರಳು ಅಲುಗಾಡುತ್ತದೆ. ಬಾಕ್ಸ್ ಸವೆಯುವುದು ಚಕ್ರ ನೇರವಾಗಿರುವ ಜಾಗದಲ್ಲಿ. ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದ ಗಾಡಿಯೂ ಇದಕ್ಕೆ ಹೊರತಲ್ಲ! ಮೇಸ್ತ್ರಿ ಆಗಲೇ ಮುಚ್ಚಳದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟಿದ್ದಾರೆ.