ಸಾಬಿಸು ಎಂದರೆ ಕೊಸರು

ಕೇಳುಗರಿಗೆ ನಮಸ್ಕಾರ.

ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ತೂಗಿದ ಮೇಲೆ ಇನ್ನೆರಡನ್ನು ಚೀಲಕ್ಕೆ ಹಾಕಿದರೆ ನಾವು ಅದನ್ನು ಕೊಸರು ಅನ್ನುತ್ತೇವೆ. ಜಪಾನಿನಲ್ಲಿ ಅಂಗಡಿಯಾತ ಒಂದು ಕಿತ್ತಳೆ ಹೆಚ್ಚಿಗೆ ಹಾಕಿ ‘ಕೊರೆ, ಸಾಬಿಸು ದೆಸು’ ಅನ್ನುತ್ತಾನೆ. ಇದಕ್ಕೆ ದುಡ್ಡು ಬೇಡ ಎಂದರ್ಥ. ಈ ಸಾಬಿಸು ಬೇರೇನಲ್ಲ, ಇಂಗ್ಲಿಷಿನ ಸರ್ವಿಸ್.

ಇಂಗ್ಲಿಷಿನ ‘ವಿ’ ಅಲ್ಲಿ ‘ಬಿ’ ಆಗಿದೆ. ನಾವು ಬಸ್ಸನ್ನು ‘ಬಸ್ಸು’ ಮಾಡಿಕೊಂಡಂತೆ ಕೊನೆಗೊಂದು ಉಕಾರ ಸೇರಿದೆ. ಮಾತಿನಲ್ಲಿ ಅದು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. ನಮ್ಮ ಛಂದಸ್ಸಿನ ಲೆಕ್ಕದಲ್ಲಿ ಸಾ ಗುರು, ಬಿ, ಸು ಎರಡೂ ಲಘು: ಒಟ್ಟು ನಾಲ್ಕು ಮಾತ್ರೆ. ಆ ‘ಸಾ’ವನ್ನು ಮೊಟಕು ಮಾಡಬಾರದು.

ಕೊಸರಿಗೆ ಜಪಾನಿಯರದೇ ಪದವೂ ಇದೆ, ಒಮಕೆ. ಒಮಕೆ ಅಂದರೆ ಮೇಲೆ ಕೊಟ್ಟ ವಸ್ತು. ಸಾಬಿಸಿನ ವ್ಯಾಪ್ತಿ ದೊಡ್ಡದು. ಬೆಲೆ ಇಳಿಸಿದರೂ ಸಾಬಿಸು, ಉಪಚಾರ ಚೆನ್ನಾಗಿದ್ದರೂ ಸಾಬಿಸು ಚೆನ್ನಾಗಿದೆ ಅನ್ನುತ್ತಾರೆ. ನಗೋಯಾ ಇರುವ ಐಚಿ ಪ್ರಾಂತದ ಕಾಫಿ ಅಂಗಡಿಗಳಲ್ಲಿ ಬೆಳಗ್ಗೆ ಕಾಫಿಯ ದುಡ್ಡಷ್ಟೇ ಕೊಟ್ಟರೆ ಸಾಕು, ಬೆಣ್ಣೆ ಸವರಿದ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ ಜೊತೆಗೇ ಬರುತ್ತವೆ. ಅದು ಮೋನಿಂಗು ಸಾಬಿಸು.

ಎಡವುವುದು ಮೂರು ಕಡೆ. ಹೋಟೆಲ್ ಬಿಲ್ಲಿನಲ್ಲಿ ‘ಸಾಬಿಸುರ್ಯೋ’ ಎಂದಿದ್ದರೆ ಅದು ಪುಕ್ಕಟೆಯಲ್ಲ. ‘ರ್ಯೋ’ ಅಂದರೆ ಶುಲ್ಕ. ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಸೇರಿಸುತ್ತಾರೆ. ಇನ್ನು ‘ಗಾಡಿ ಸರ್ವಿಸಿಗೆ ಬಿಟ್ಟಿದ್ದೇನೆ’ ಎಂಬ ನಮ್ಮ ಮಾತನ್ನು ಹಾಗೇ ಹೇಳಿದರೆ ಅಲ್ಲಿ ಹೊಂದುವುದಿಲ್ಲ. ಗಾಡಿಯ ತಪಾಸಣೆಗೆ ತೆಂಕೆನ್ ಅನ್ನಬೇಕು. ‘ಇಪ್ಪತ್ತು ವರ್ಷ ಸರ್ವಿಸ್ ಆಗಿದೆ’ ಅನ್ನುವುದಕ್ಕೂ ಸಾಬಿಸು ಬಾರದು, ಅದು ಕಿನ್‌ಜೊಕು.

ಈ ಪದದ ಅತಿ ನೋವಿನ ಬಳಕೆ ‘ಸಾಬಿಸು ಜಂಗ್ಯೋ’. ಜಂಗ್ಯೋ ಅಂದರೆ ಓಟಿ, ಹೊತ್ತು ಮೀರಿದ ದುಡಿಮೆ. ಸಾಬಿಸು ಸೇರಿದರೆ ಅದು ಕೂಲಿಯಿಲ್ಲದ ಓಟಿ. ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ ಮೀರಿ ದುಡಿಸಿದರೆ ಕನಿಷ್ಠ ಶೇ. 25ರಷ್ಟು ಹೆಚ್ಚಿನ ದರದಲ್ಲಿ ಕೂಲಿ ಕೊಡಬೇಕೆಂದು ಜಪಾನಿನ ಕಾರ್ಮಿಕ ಕಾನೂನು ಹೇಳುತ್ತದೆ. ಆದರೂ ಹಾಜರಿ ಕಾರ್ಡು ಒತ್ತಿ ಮತ್ತೆ ಮೇಜಿಗೆ ಮರಳಿ ಕೂತವರ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಮಾತಿನಲ್ಲಿ ಇದನ್ನು ‘ಸಬಿಜನ್’ ಎಂದು ಚಿಕ್ಕದಾಗಿಸಿದ್ದಾರೆ. ಹಾಗೆ ದುಡಿದ ತಂದೆ ಭಾನುವಾರ ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ದರೆ ಅದಕ್ಕೂ ಹೆಸರು ‘ಕಜೊಕು ಸಾಬಿಸು’, ಮನೆಯವರಿಗೆ ಕೊಟ್ಟ ಕೊಸರು.